ಕುತ್ತಿಗೆಯ ನೆಟಿಗೆ

ತೆರಕಣಾಂಬಿ
25 ಜೂನ್ 2024

ಅಕ್ಕ,

ಆಸ್ಪತ್ರೆಗೆ ಬರಲಿಲ್ಲ ಎಂಬ ಸಿಟ್ಟಿಗೆ ನೀನು ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ ಎಂದು ಅವ್ವ ಹೇಳಿದಳು. ಮಾಡದಿದ್ದರೂ ಒಂದೇ. ಫೋನನ್ನು ನಾನು ಹೋದ ಮಂಗಳವಾರವೇ ಕಲ್ಲಿಗೆ ಬಡಿದು ಪುಡಿ ಮಾಡಿದೆ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮೇಲೆ ನಾನು ಬರೆಯುತ್ತಿರುವ ಮೊದಲನೆಯ ಕಾಗದ ಇದು. ನಮ್ಮ ಲೋಡಿಂಗ್ ಗ್ಯಾಂಗಿನ ಮುದ್ದಯ್ಯಣ್ಣ ಬಾವನನ್ನು ನೋಡಲು ಮೈಸೂರಿನ ಆಸ್ಪತ್ರೆಗೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಪೂರ್ತಿ ಓದು. ಅರ್ಧಕ್ಕೆ ಹರಿದು ಹಾಕಬೇಡ.

ಬಾವನ ಕುತ್ತಿಗೆಯೊಳಗೆ ರಕ್ತನಾಳ ಹರಿದಿತ್ತು, ಅಲ್ಲಿ ಕಟ್ಟಿದ ರಕ್ತದ ಗರಣೆ ಮೇಲಕ್ಕೆ ಹೋಗಿ ಮೆದುಳಿನ ಹಿಂದುಗಡೆ ಸಿಕ್ಕಿಕೊಂಡಿತ್ತು ಎಂದು ಡಾಕ್ಟರು ಹೇಳಿದರಂತೆ. ಹೇಗೆ ಹರಿಯಿತು ಎಂದು ಯಾರಿಗೂ ತಿಳಿಯುತ್ತಿಲ್ಲವಂತೆ. ನನಗೆ ತಿಳಿದಿದೆ. ಹರಿದವನು ನಾನು.

ಆ ಭಾನುವಾರ ಊರ ಪಕ್ಕದ ತೋಟದಲ್ಲಿ ನೇಂದ್ರ ಬಾಳೆ ಲೋಡ್ ಮಾಡುತ್ತಿದ್ದೆವು. ಕೇರಳದ ಲಾರಿ. ಗೊನೆ ಹೊತ್ತು ತರುವಾಗ ಕಾಲುವೆಯ ಹಲಗೆ ಮುರಿದು ಹನ್ನೆರಡು ಗೊನೆ ಕಲ್ಲಿನ ಮೇಲೆ ಬಿದ್ದು ಜಜ್ಜಿಹೋದವು. "ಅಡೀಗಾಕ್ರಲಾ, ಮೇಲೆ ಒಳ್ಳೇವ್ ಒಟ್ಟಿ" ಎಂದರು ಬಾವ. ಗ್ಯಾಂಗಿಗೆ ಅವರೇ ಮೇಸ್ತ್ರಿ, ಹೇಳಿದ ಮೇಲೆ ಮುಗಿಯಿತು, ಹಾಕಿದೆವು. ಲಾರಿ ತುಂಬಿದ ಮೇಲೆ ಕೇರಳದ ಸಾಹುಕಾರ ಅಷ್ಟು ಜನರಲ್ಲಿ ನನ್ನ ಕಡೆಗೇ ತಿರುಗಿ "ಎಲ್ಲಾ ನಲ್ಲ ಮಾಲ್ ತಾನೆ? ಒಳ್ಳೇದ್ ತಾನೆ?" ಎಂದು ಕೇಳಿದ. "ಅಡೀಲಿ ಹನ್ನೆರ್ಡು ಗೊನೆ ಜಜ್ಜೋಗವೆ" ಎಂದೆ. ಕೇಳಿದ, ಹೇಳಿದೆ. ಅವನು ಇಡೀ ಲಾರಿಯನ್ನು ಇಳಿಸಿ ಮತ್ತೆ ತುಂಬಿಸಿದ.

ಲಾರಿ ರಸ್ತೆ ಮುಟ್ಟುವುದನ್ನೇ ಬಾವ ಕಾಯುತ್ತಿದ್ದರು. ಹಗ್ಗವನ್ನು ಎರಡು ಮಡಿಕೆ ಮಾಡಿ ಹೊಡೆದರು. ಬೆನ್ನು, ತೊಡೆ, ಕಿವಿ. ಬಿದ್ದ ಮೇಲೆ ಒದ್ದರು. ಎದ್ದ ಮೇಲೆ ಮುಷ್ಟಿಯಿಂದ ಬಾಯಿಗೆ ಗುದ್ದಿದರು. ಅವರ ಹಿತ್ತಾಳೆ ಉಂಗುರ ಇದೆಯಲ್ಲ, ಅದು ನನ್ನ ಮೇಲ್ದುಟಿಯನ್ನು ಸೀಳಿತು. "ಬಾರಿ ಸತ್ಯವಂತ ಕಣ್ಲಾ ನೀನು! ನನ್ ಕೈ ಕೆಳಗೆ ದುಡ್ಕಂಡು ನನ್ ಮುಂದೇನೇ ಸತ್ಯ!" ಗ್ಯಾಂಗಿನವರು ಬೀಡಿ ಹಚ್ಚಿಕೊಂಡು ನೋಡಿದರು.

ಆಮೇಲೆ ಅವರು ಬಾಳೆ ದಿಂಡಿನ ರಾಶಿಯ ಮೇಲೆ ಕುಳಿತು, ಏನೂ ಆಗದವರ ಹಾಗೆ, "ಬಾರ್ಲಾ, ನೆಟ್ಗೆ ತೆಗಿ" ಎಂದರು.

ನಿನಗೆ ಗೊತ್ತಿರಲಿಕ್ಕಿಲ್ಲ. ದಿನವಿಡೀ ತಲೆಯ ಮೇಲೆ ಗೊನೆ ಹೊತ್ತವರ ಕುತ್ತಿಗೆ ಮರದ ಹಾಗೆ ಆಗುತ್ತದೆ. ಲೋಡ್ ಮುಗಿದ ಮೇಲೆ ಚಿಕ್ಕವನು ದೊಡ್ಡವನ ಕುತ್ತಿಗೆ ತಿರುಗಿಸಿ ನೆಟಿಗೆ ತೆಗೆಯಬೇಕು. ಮೇಸ್ತ್ರಿಗೆ ಮೊದಲು. ಎರಡು ವರ್ಷದಿಂದ ಬಾವನಿಗೆ ನಾನೇ ತೆಗೆಯುತ್ತಿದ್ದೆ. ನನ್ನ ಕೈ ಹದವಾಗಿದೆ ಎಂದು ಹತ್ತು ಜನರ ಮುಂದೆ ಹೇಳುತ್ತಿದ್ದರು.

ಬಾಯಿಯಿಂದ ರಕ್ತ ಸೋರುತ್ತಿತ್ತು. ಹೋಗಿ ಹಿಂದೆ ನಿಂತೆ. ಎಡಗೈಯನ್ನು ಗಲ್ಲಕ್ಕೆ, ಬಲಗೈಯನ್ನು ಹಿಂದಲೆಗೆ ಕೊಟ್ಟು ತಿರುಗಿಸಿದೆ. ಟಕ್ ಎಂದಿತು. ದಿನಾ ಅಷ್ಟಕ್ಕೇ ಬಿಡುತ್ತಿದ್ದೆ. ಅವತ್ತು ಬಿಡಲಿಲ್ಲ. ಅದೇ ಕಡೆಗೆ ಇನ್ನೊಮ್ಮೆ, ಎರಡು ಭುಜದ ಬಲವನ್ನೂ ಹಾಕಿ ತಿರುಚಿದೆ. ಮುರಿಯಲಿ ಎಂದೇ ತಿರುಚಿದೆ ಅಕ್ಕ. ಬಾವ "ಅಯ್ಯೋ ಮುಂಡೇದೆ!" ಎಂದು ಹಿಂದಲೆ ಹಿಡಿದುಕೊಂಡರು. ಆಮೇಲೆ ನಕ್ಕರು. "ಸಿಟ್ನೆಲ್ಲಾ ಕುತ್ಗೆ ಮ್ಯಾಲೆ ತೀರಿಸ್ಕಂಡ್ಯಾ?" ಎಂದರು.

ನೋಡಿದವರಿಗೆ ಅದು ದಿನದ ನೆಟಿಗೆಯ ಹಾಗೆಯೇ ಕಂಡಿತು. ಕೈಯಲ್ಲಿ ಏನಿತ್ತು ಎಂಬುದು ನನಗೊಬ್ಬನಿಗೇ ಗೊತ್ತು. ಡಾಕ್ಟರಿಗೆ ಹೇಳು.

ನಿನ್ನ ತಮ್ಮ
ಶಾಂತರಾಜು

*

ಮೈಸೂರು, ಆಸ್ಪತ್ರೆ
3 ಜುಲೈ 2024

ಶಾಂತ,

ನಿನ್ನ ಕಾಗದವನ್ನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಓದಿದೆ. ಓದಿ ಚೂರು ಚೂರು ಮಾಡಿದೆ. ಮುದ್ದಯ್ಯಣ್ಣ ಎದುರಿಗೇ ಇದ್ದ, "ಏನ್ ಬರ್ದವ್ನಮ್ಮಿ?" ಎಂದ. ಅವ್ವನಿಗೆ ಕಾಲು ನೋವಂತೆ ಎಂದೆ.

ಈಗ ನಾನು ಹೇಳುವುದನ್ನು ನೀನು ಕೇಳು.

ಚಾಮರಾಜನಗರದ ಆಸ್ಪತ್ರೆಗೆ ನಾನು ಉಮ್ಮತ್ತೂರಿನಿಂದ ಓಡಿ ಬಂದಾಗ ಇವರನ್ನು ಆಗಲೇ ಸ್ಕ್ಯಾನ್‌ಗೆ ಹಾಕಿದ್ದರು. ಮೈ ತುಂಬ ಮಣ್ಣು. ಪಕ್ಕೆಯಲ್ಲಿ ಚಪ್ಪಲಿಯ ಗುರುತು. ಅದು ಯಾರದು ಎಂದು ನಾನು ಇನ್ನೂ ಕೇಳಿಲ್ಲ. ಅಲ್ಲಿಯ ಡಾಕ್ಟರು ರೆಪ್ಪೆ ಬಿಡಿಸಿ ಕಣ್ಣು ನೋಡಿ, ರಕ್ತ ಸೋರಿಲ್ಲ, ಹಿಂದುಗಡೆಯ ದೊಡ್ಡ ನಾಳವೇ ಕಟ್ಟಿರಬೇಕು, ಒಂದು ನಿಮಿಷವೂ ಇಲ್ಲಿರಬೇಡಿ ಎಂದು ಮೈಸೂರಿಗೆ ಕಳಿಸಿದರು. ದಾರಿಯಲ್ಲಿ ಎರಡು ಸಲ ಉಸಿರು ನಿಂತಿತು. ಆಂಬ್ಯುಲೆನ್ಸಿನ ಹುಡುಗ ಎದೆಯ ಮೇಲೆ ಕುಳಿತು ಗುದ್ದುವ ಹಾಗೆ ಒತ್ತಿದ. ಎಲುಬು ಮುರಿದ ಶಬ್ದ ನನಗೆ ಕೇಳಿಸಿತು.

ಇಲ್ಲಿ ನೋಡುತ್ತಿರುವವರು ಬೃಂದಾ ಡಾಕ್ಟರು. ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಕುತ್ತಿಗೆಯ ಮೂಳೆಗಳ ತೂತಿನೊಳಗೆ ಎರಡು ನಾಳ ಮೇಲಕ್ಕೆ ಹೋಗಿ, ತಲೆಯ ಹಿಂದೆ ಸೇರಿ ಒಂದಾಗುತ್ತವೆ. ಉಸಿರು, ನುಂಗುವುದು, ಕೈಕಾಲು, ಎಚ್ಚರ ಎಲ್ಲವೂ ಆ ಒಂದರ ಮೇಲೆ. ಅದೇ ಕಟ್ಟಿತ್ತು. "ಹೊತ್ತು ಬಹಳ ಆಗಿದೆ. ಹಾಗೇ ಬಿಟ್ಟರೆ ಉಳಿಯುವವರು ಕಮ್ಮಿ. ಗರಣೆ ತೆಗೆದರೂ ಹೇಗೆ ಏಳುತ್ತಾರೆ ಎಂದು ನಾನು ಮಾತು ಕೊಡಲಾರೆ. ಏನು ಮಾಡೋಣ?" ಎಂದು ನನ್ನನ್ನು ಕೇಳಿದರು. ನನ್ನನ್ನು! ಮನೆಗೆ ಯಾವ ಸೊಪ್ಪು ತರಬೇಕು ಎಂದೂ ಇವರು ನನ್ನನ್ನು ಕೇಳಿದವರಲ್ಲ. ಪೆನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಎಷ್ಟು ಹೊತ್ತು ಎಂದು ಕೇಳಬೇಡ. ಆಮೇಲೆ ಸಹಿ ಹಾಕಿದೆ.

ತೊಡೆಯಲ್ಲಿ ತೂತು ಮಾಡಿ, ಕೂದಲಿನಂಥ ತಂತಿಯನ್ನು ತಲೆಯವರೆಗೆ ತೂರಿಸಿ, ಬಲೆಯಂಥದ್ದರಲ್ಲಿ ಗರಣೆಯನ್ನು ಹಿಡಿದು ಎಳೆದರು. ಮೊದಲನೆಯ ಸಲ ಬರಲಿಲ್ಲ. ಎರಡನೆಯ ಸಲಕ್ಕೆ ಬಂತು. ಬಟ್ಟಲಲ್ಲಿ ಹಾಕಿ ತೋರಿಸಿದರು. ಅಕ್ಕಿಕಾಳಿನಷ್ಟು ಉದ್ದ, ಕರಿಕೆಂಪು. ಇಷ್ಟೇ.

ನಾಳ ತೆರೆದಿದೆ. ಜೀವ ಉಳಿದಿದೆ. ಆದರೆ ಕಣ್ಣು ಬಿಟ್ಟು ಬೇರೇನೂ ಅಲ್ಲಾಡುತ್ತಿಲ್ಲ. ಗಂಟಲಲ್ಲಿ ತೂತು, ಹೊಟ್ಟೆಗೆ ನಳಿಕೆ. ಎಲ್ಲ ಕೇಳಿಸುತ್ತದಂತೆ, ಎಲ್ಲ ತಿಳಿಯುತ್ತದಂತೆ.

ಅವತ್ತು ಡಾಕ್ಟರು ಕೇಳಿದ್ದರು: "ಈಚೆಗೆ ಕುತ್ತಿಗೆಗೆ ಏನಾದರೂ ಆಗಿತ್ತೇ? ಪೆಟ್ಟು? ತಿರುಚಿದ್ದು?" ಏನೂ ಇಲ್ಲ ಎಂದೆ. ಅವತ್ತು ಅದು ನಿಜವಾಗಿತ್ತು. ನಿನ್ನ ಕಾಗದ ಓದಿದ ಮೇಲೆ ಸುಳ್ಳಾಯಿತು. ನಾನು ಹೊರಲೇಬೇಕಾಗಿಲ್ಲದ ಸುಳ್ಳನ್ನು ನನ್ನ ತಲೆಗೆ ಎತ್ತಿಟ್ಟವನು ನೀನು. ಇನ್ನು ಬಾಯಿ ಮುಚ್ಚಿಕೊಂಡಿರು. ಒಬ್ಬರು ಮಲಗಿದ್ದಾರೆ, ಇನ್ನೊಬ್ಬ ಜೈಲಿಗೆ ಹೋದರೆ ಅವ್ವ ಉಳಿಯುವುದಿಲ್ಲ.

ಕುಮಾರಿ

*

ತೆರಕಣಾಂಬಿ
11 ಜುಲೈ 2024

ಬಾವ,

ಇದು ನಿಮಗೆ ಬರೆದದ್ದು. ಅಕ್ಕ ನಿಮಗೆ ಓದಿ ಹೇಳಬೇಕು, ಯಾವ ಸಾಲನ್ನೂ ಬಿಡಬಾರದು. ಅಕ್ಕ, ಚಪ್ಪಲಿಯ ಗುರುತು ಯಾರದು ಎಂದು ನೀನು ಕೇಳಲಿಲ್ಲ. ಅದೂ ಇದರಲ್ಲಿದೆ.

ಬಾವ, ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ಗುಂಡ್ಲುಪೇಟೆಯ ನಮ್ಮ ಗ್ಯಾಂಗಿನ ಶೆಡ್ಡಿನಿಂದ ನೀವು ಗೋಡೆ ಹಿಡಿದುಕೊಂಡು ಹೊರಗೆ ಬಂದಿರಿ. ಕಾಲು ಎಲ್ಲೆಲ್ಲೋ ಬೀಳುತ್ತಿತ್ತು. ಏನೋ ಹೇಳಿದಿರಿ, ನಾಲಿಗೆ ತೊದಲುತ್ತಿತ್ತು. ವಾಂತಿ ಮಾಡಿಕೊಂಡು ಅದರ ಮೇಲೆಯೇ ಬಿದ್ದಿರಿ. ದೀಪಾವಳಿಗೆ ಬೆಟ್ಟಕ್ಕೆ ನಡೆದು ಹೋಗುವವರೆಗೆ ಕುಡಿಯುವುದಿಲ್ಲ ಎಂದು ಮಾದಪ್ಪನಿಗೆ ಹರಕೆ ಹೊತ್ತಿದ್ದು ಗ್ಯಾಂಗಿಗೆಲ್ಲ ಗೊತ್ತಿತ್ತು. ಅದಕ್ಕೇ ಎಲ್ಲರಿಗೂ ಸಿಟ್ಟು ಇನ್ನೂ ಜಾಸ್ತಿ ಬಂತು. "ಮಾದಪ್ಪನ್ ಅರಕೆ ಮುರುದ್ಬುಟ್ಟು ಕುಡ್ದವ್ನಲ್ಲೊ ಈ ನನ್ಮಗ!" ಎಂದು ಮುದ್ದಯ್ಯಣ್ಣ ಕೂಗಿದ. ಗ್ಯಾಂಗಿನ ಶಿವರುದ್ರಸ್ವಾಮಿ ಕಪಾಳಕ್ಕೆ ಎರಡು ಬಿಟ್ಟ. ನಿಶೆ ಇಳಿಯಲಿ ಎಂದು ಹುಣಸೆ ನೀರನ್ನು ಬಾಯಿಗೆ ಹೊಯ್ದರು. ಅದು ಮೂಗಿನಿಂದ ಬಂತು.

ನಾನು ಬಗ್ಗಿ ನಿಮ್ಮ ಬಾಯಿ ಮೂಸಿದೆ. ಹೆಂಡದ ವಾಸನೆ ಇರಲಿಲ್ಲ.

ಇರಲಿಲ್ಲ ಎಂದು ತಿಳಿದ ಮೇಲೂ ಒದ್ದೆ. ಎರಡು ಸಲ, ಪಕ್ಕೆಗೆ. ಹಗ್ಗದ ಬರೆ ನನ್ನ ಬೆನ್ನಿನಲ್ಲಿ ಇನ್ನೂ ಉರಿಯುತ್ತಿತ್ತು. ಆಮೇಲೆ ಕಾಲು ಹಿಡಿದು ಎಳೆದುಕೊಂಡು ಹೋಗಿ ಹುಣಸೆ ಮರದ ಕೆಳಗೆ ಹಾಕಿದವನೂ ನಾನೇ. ವಾಸನೆ ಇಲ್ಲ ಎಂದು ಯಾರಿಗೂ ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ. ಸುಮ್ಮನಿರುವುದು ನನಗೂ ಇಷ್ಟು ಸಲೀಸಾಗಿ ಬರುತ್ತದೆ ಎಂದು ಅವತ್ತೇ ಗೊತ್ತಾದದ್ದು. ಸಾಹುಕಾರನ ಮುಂದೆ ಹನ್ನೆರಡು ಗೊನೆಗೆ ಬಾಯಿ ಬಿಟ್ಟವನು ನಿಮ್ಮ ಜೀವಕ್ಕೆ ಬಿಡಲಿಲ್ಲ.

ಹನ್ನೊಂದು ಗಂಟೆಯವರೆಗೆ ಅಲ್ಲೇ ಬಿದ್ದಿದ್ದಿರಿ. ಇಡ್ಲಿ ಮಾರುವ ಶಾಂತಮಲ್ಲಮ್ಮ ಪಾತ್ರೆ ತೊಳೆಯಲು ಬಂದವಳು ನೋಡಿ ಬೊಬ್ಬೆ ಹಾಕಿದಳು. "ಒಂದ್ ಕಣ್ಣು ಅತ್ಲಾಗೆ, ಒಂದ್ ಕಣ್ಣು ಇತ್ಲಾಗೆ ಓಗದೆ! ಕುಡ್ದಿಲ್ಲ ಕಣ್ರಲಾ, ಮೂಸ್ ನೋಡಿ! ನಿಮ್ ಮನೆ ಎಕ್ಕುಟ್ಟೋಗ, ಗಾಡಿ ಕರೀರಿ!" ಅವಳೇ ಪೊರಕೆಯಿಂದ ನನ್ನ ಬೆನ್ನಿಗೆ ಹೊಡೆದಳು. ಆಗ ಮುದ್ದಯ್ಯಣ್ಣ 108ಕ್ಕೆ ಫೋನ್ ಮಾಡಿದ. ನಾನು ನನ್ನ ಫೋನನ್ನು ಕಲ್ಲಿಗೆ ಬಡಿದದ್ದು ಆಮೇಲೆ. ನಾಲ್ಕು ಗಂಟೆ ಹೊತ್ತು ಅದು ನನ್ನ ಜೇಬಿನಲ್ಲೇ ಇತ್ತು.

ತಪ್ಪಾಯಿತು ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. ನೀವು ಹೀಗೆ ಮಲಗಿದ್ದಕ್ಕೆ ನನಗೆ ಸಂಕಟವಾಗುತ್ತಿದೆ. ನೀವು ಹೊಡೆದದ್ದಕ್ಕೆ ಸಿಟ್ಟು ಇನ್ನೂ ಹಾಗೇ ಇದೆ. ಎರಡೂ ಇವೆ.

ಶಾಂತರಾಜು

*

ಉಮ್ಮತ್ತೂರು
8 ಆಗಸ್ಟ್ 2024

ಶಾಂತ,

ಮನೆಗೆ ಕರೆದುಕೊಂಡು ಬಂದು ಹತ್ತು ದಿನವಾಯಿತು. ನಿನ್ನ ಕಾಗದವನ್ನು ತಿಂಗಳಿಡೀ ರವಿಕೆಯೊಳಗೆ ಇಟ್ಟುಕೊಂಡಿದ್ದೆ. ಓದಬಾರದು ಎಂದೇ ಇದ್ದೆ. ಮೊನ್ನೆ ಇವರ ಮೈ ಒರೆಸುವಾಗ ಪಕ್ಕೆಯ ಗುರುತು ಮಾಸಿದ್ದು ಕಂಡಿತು. ಯಾಕೋ ಕುಳಿತು ಅವರಿಗೆ ಓದಿಬಿಟ್ಟೆ, ಒಂದು ಸಾಲೂ ಬಿಡದೆ. ಓದುವಾಗ ಅವರ ಮುಖ ನೋಡಲಿಲ್ಲ.

ಇಲ್ಲಿ ಮಾತು ನಡೆಯುವುದು ಹೀಗೆ. ನಾನು ಕೆಲಸ ಮಾಡುವ ಅಂಗನವಾಡಿಯಲ್ಲಿ ಹಳೆಯ ಕಾಗುಣಿತದ ಚಾರ್ಟು ಇತ್ತು, ತಂದು ಗೋಡೆಗೆ ಹಾಕಿದ್ದೇನೆ. ನಾನು ಕಡ್ಡಿ ಇಡುತ್ತಾ ಹೋಗುತ್ತೇನೆ. ಕಣ್ಣು ಮೇಲೆತ್ತಿದರೆ ಹೌದು, ಕೆಳಗಿಳಿಸಿದರೆ ಅಲ್ಲ. ಮೊದಲು ಸಾಲು, ಆಮೇಲೆ ಅಕ್ಷರ. ಒಂದು ಮಾತಿಗೆ ಅರ್ಧ ಗಂಟೆ. ಹತ್ತು ದಿನದಿಂದ ಎಷ್ಟು ಕೇಳಿದರೂ ಅವರು ಯಾವ ಅಕ್ಷರಕ್ಕೂ ಕಣ್ಣೆತ್ತಿರಲಿಲ್ಲ. ನಿನ್ನ ಕಾಗದ ಮುಗಿದ ಮೇಲೆ ಚಾರ್ಟಿನ ಕಡೆ ನೋಡಿದರು. ಕಡ್ಡಿ ಹಿಡಿದೆ.

ಬೇವರ್ಸಿ.

ಇಷ್ಟು ಕಷ್ಟದಿಂದ ಉಳಿದು ಬಂದ ಮನುಷ್ಯ ಹೇಳಿದ ಮೊದಲನೆಯ ಮಾತು ಇದು. ನಿನಗೆ. ನಾನು ನಕ್ಕೆ. ಆಮೇಲೆ ಬಹಳ ಹೊತ್ತು ಅಳು ನಿಲ್ಲಲಿಲ್ಲ.

ರಾತ್ರಿ ಅವರ ಕೈಯನ್ನು ಹಿಡಿದುಕೊಂಡು ಕುಳಿತಿದ್ದೆ. ಮದುವೆಯಾಗಿ ಎಂಟು ವರ್ಷಕ್ಕೆ ಆ ಕೈಯನ್ನು ಹೆದರದೆ ಹಿಡಿದದ್ದು ಅದೇ ಮೊದಲು.

ಕುಮಾರಿ

*

ತೆರಕಣಾಂಬಿ
19 ಆಗಸ್ಟ್ 2024

ಅಕ್ಕ, ಬಾವ,

ನಾನು ಸ್ಟೇಷನ್ನಿಗೆ ಹೋಗಿ ಬಂದೆ. ಬೇಡ ಎನ್ನುತ್ತೀಯ ಎಂದು ಗೊತ್ತಿತ್ತು, ಅದಕ್ಕೇ ಹೋದ ಮೇಲೆ ಬರೆಯುತ್ತಿದ್ದೇನೆ.

ಅದಕ್ಕೆ ಮುಂಚೆ ಇನ್ನೊಂದು ನಡೆಯಿತು. ಶುಕ್ರವಾರ ಲೋಡ್ ಮುಗಿದ ಮೇಲೆ ಮುದ್ದಯ್ಯಣ್ಣ ದಿಂಡಿನ ಮೇಲೆ ಕುಳಿತ. ಶಿವರುದ್ರಸ್ವಾಮಿ ಹಿಂದೆ ನಿಂತು ಅವನ ಗಲ್ಲಕ್ಕೆ ಕೈ ಕೊಟ್ಟ. ಏನೂ ಯೋಚಿಸದೆ ಓಡಿ ಹೋಗಿ ಶಿವರುದ್ರಸ್ವಾಮಿಯ ಮೂಗಿಗೆ ಗುದ್ದಿದೆ. ಮೂಗು ಮುರಿಯಿತು. ಅವನು ಬಾಳೆ ಕಡಿಯುವ ಕುಡುಗೋಲು ತೆಗೆದ, ನನ್ನ ತೋಳಿಗೆ ತಾಗಿತು, ಏಳು ಹೊಲಿಗೆ. "ಯಾಕ್ಲಾ ಉಚ್ಚ, ನಿಂಗೇನ್ ಬಂದಿತ್ತು?" ಎಂದು ಎಲ್ಲರೂ ಸೇರಿ ನನ್ನನ್ನು ನೆಲಕ್ಕೆ ಒತ್ತಿ ಹಿಡಿದರು. ಹಾಗೆ ಮಣ್ಣಿನಲ್ಲಿ ಮುಖ ಇಟ್ಟುಕೊಂಡೇ ಎಲ್ಲವನ್ನೂ ಹೇಳಿದೆ. ಮೇಸ್ತ್ರಿಯ ಕುತ್ತಿಗೆ ನನ್ನ ಕೈಯಲ್ಲಿ ಹೋಯಿತು, ಒಳಗೆ ನಾಳ ಹರಿಯುತ್ತದೆ, ಎರಡು ದಿನ ಏನೂ ತಿಳಿಯುವುದಿಲ್ಲ, ಆಮೇಲೆ ಕುಡಿದವರ ಹಾಗೆ ಬೀಳುತ್ತಾರೆ, ಎಂದು. ಒತ್ತಿ ಹಿಡಿದಿದ್ದ ಕೈಗಳು ಒಂದೊಂದಾಗಿ ಸಡಿಲವಾದವು. ಮುದ್ದಯ್ಯಣ್ಣ ತನ್ನ ಕುತ್ತಿಗೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದ. "ಎಲ್ಲಾರು ಸೇರ್ಕಂಡು ಉಣ್ಸೆ ನೀರು ಉಯ್ದ್ವಲ್ಲೊ" ಎಂದ.

ಆ ದಿನದಿಂದ ಗ್ಯಾಂಗಿಗೆ ನಾನು ಬೇಡ. ನೆಟಿಗೆ ತೆಗೆಯುವುದನ್ನೂ ಬಿಟ್ಟಿದ್ದಾರಂತೆ.

ಸ್ಟೇಷನ್ನಿನಲ್ಲಿ ಪುಟ್ಟಬಸಪ್ಪ ಎಂಬ ಮುಖ್ಯ ಪೇದೆ ಇದ್ದರು. ಪೂರ್ತಿ ಬರೆದುಕೊಂಡರು. "ಬೇಕೂಂತ್ಲೇ ತಿರುಚ್ದೆ ಅಂತ ಬರೀಲೇನಪ್ಪ? ಇನ್ನೊಂದ್ಸಾರಿ ಯೋಚ್ನೆ ಮಾಡು" ಎಂದು ಮೂರು ಸಲ ಕೇಳಿದರು. ಬರೆಯಿರಿ ಎಂದೆ. ಉಮ್ಮತ್ತೂರಿಗೆ ಬಂದು ಬಾವನನ್ನೂ ಕೇಳುತ್ತಾರಂತೆ. ಬಾವ, ಕೇಳಿದಾಗ ಕಣ್ಣು ಮೇಲೆತ್ತಿ. ಅಕ್ಕನ ಮುಖ ನೋಡಿ ಸುಳ್ಳು ಹೇಳಬೇಡಿ.

ಶಾಂತರಾಜು

*

ಉಮ್ಮತ್ತೂರು
6 ಸೆಪ್ಟೆಂಬರ್ 2024

ಶಾಂತ,

ಪೊಲೀಸರು ಬಂದಿದ್ದರು. ಬೀದಿಯವರೆಲ್ಲ ಬಾಗಿಲಲ್ಲಿ. ಪುಟ್ಟಬಸಪ್ಪನವರು ಮಂಚದ ಪಕ್ಕ ಕುಳಿತು, ಮೆತ್ತಗೆ, ಹೌದಾದರೆ ಕಣ್ಣು ಮೇಲೆ, ಅಲ್ಲವಾದರೆ ಕೆಳಗೆ ಎಂದು ತಿಳಿಸಿ ಕೇಳಿದರು. "ನಿಮ್ ಬಾಮೈದ ಕುತ್ಗೆ ತಿರುಚಿದ್ನಾ?"

ನಾನು ಗೋಡೆಗೆ ಒರಗಿ ನಿಂತಿದ್ದೆ. ಮೇಲೆತ್ತಿದರೆ ತಮ್ಮ ಹೋದ. ಇಳಿಸಿದರೆ ನೀನು ಇನ್ನೂ ಏನು ಮಾಡಿಕೊಳ್ಳುತ್ತೀಯೋ ಎಂಬ ಭಯ.

ಇವರು ಕಣ್ಣು ಮುಚ್ಚಿಕೊಂಡರು.

ಇನ್ನೊಮ್ಮೆ ಕೇಳಿದರು. ತೆರೆಯಲಿಲ್ಲ. ರೆಪ್ಪೆ ನಡುಗುವಷ್ಟು ಬಿಗಿಯಾಗಿ ಮುಚ್ಚಿದ್ದರು. ಪೊಲೀಸರು ಕಾಫಿ ಕುಡಿದು, ಇನ್ನೊಂದು ದಿನ ಬರುತ್ತೇವೆ ಎಂದು ಹೋದರು. ಹೋದ ಮೇಲೆ ನಾನು ಕಡ್ಡಿಯನ್ನು ಚಾರ್ಟಿಗೆ ಬಡಿದೆ. "ಯಾಕೆ? ಏನಾದ್ರೂ ಒಂದು ಏಳಬಾರ್ದಿತ್ತಾ?" ಎಂದು ಕಿರುಚಿದೆ. ಎಂಟು ವರ್ಷದಲ್ಲಿ ನಾನು ಅವರ ಮೇಲೆ ಕಿರುಚಿದವಳಲ್ಲ. ಅವರು ಕಣ್ಣು ತೆರೆದು ನನ್ನನ್ನೇ ನೋಡಿದರು. ಆಮೇಲೆ ಚಾರ್ಟನ್ನು ನೋಡಿದರು. "ಅದು ನಮ್ಮ ಜಗಳ" ಎಂದು ಬಂತು.

ಈಗ ಇನ್ನೊಂದು ಕಷ್ಟ. ಅವರ ತಲೆ ನಿಲ್ಲುವುದಿಲ್ಲ. ಕೂರಿಸಿದರೆ ಎದೆಗೆ ಬೀಳುತ್ತದೆ. ಒಬ್ಬರು ಹಿಂದೆ ನಿಂತು ಹಿಡಿಯಬೇಕು. ನಾನು ಹಿಡಿದರೆ ನಳಿಕೆಗೆ ಹೊಯ್ಯುವವರಿಲ್ಲ, ಹೊಯ್ದರೆ ಹಿಡಿಯುವವರಿಲ್ಲ. ಗಡ್ಡ ಕುತ್ತಿಗೆಯನ್ನೆಲ್ಲ ಮುಚ್ಚಿದೆ. ಕ್ಷೌರದವನು ಕುತ್ತಿಗೆ ಮುಟ್ಟಲು ಹೆದರಿ ಎರಡು ಸಲ ವಾಪಸು ಹೋದ. ಬೃಂದಾ ಡಾಕ್ಟರು ಒಂದು ಹಾಳೆ ಕೊಟ್ಟಿದ್ದಾರೆ, ತಿಂಗಳು ತಿಂಗಳು ಬರೆದು ಕಳಿಸಬೇಕು. ನುಂಗುತ್ತಾರೆಯೇ? ಕೈಯನ್ನು ಎಲ್ಲಿಯವರೆಗೆ ಎತ್ತುತ್ತಾರೆ? ಎಲ್ಲದಕ್ಕೂ ಇಲ್ಲ, ಇಲ್ಲ ಎಂದು ಬರೆದೆ.

ಕೆಳಗಿನದು ಅವರು ಹೇಳಿ ಬರೆಸಿದ್ದು. ಎರಡು ದಿನ ಹಿಡಿಯಿತು.

ಕುಮಾರಿ

ಶಾಂತ, ನೀನು ಬಾ. ಕುತ್ತಿಗೆ ಹಿಡಿ. ಅದರ ತೂಕ ನಿನಗೆ ಗೊತ್ತು.
ಪುಟ್ಟಮಾದು

*

ತೆರಕಣಾಂಬಿ
20 ಸೆಪ್ಟೆಂಬರ್ 2024

ಬಾವ,

ನಿಮ್ಮ ಕಾಗದವನ್ನು ಓದಿ ಮೊದಲು ಸಿಟ್ಟು ಬಂತು. ಬಾಯಿ ಸೀಳಿ "ನೆಟ್ಗೆ ತೆಗಿ" ಎಂದಿರಿ. ಈಗ ಮಲಗಿಕೊಂಡು "ಕುತ್ತಿಗೆ ಹಿಡಿ" ಎನ್ನುತ್ತೀರಿ. ಮೇಸ್ತ್ರಿತನ ಮಾತ್ರ ಹೋಗಿಲ್ಲ.

ನನಗೆ ಭಯ. ಕನಸಿನಲ್ಲಿ ನಿಮ್ಮ ತಲೆ ನನ್ನ ಕೈಯಲ್ಲಿರುತ್ತದೆ. ಕೆಲವು ಸಲ ಹಿಡಿದುಕೊಂಡಿರುತ್ತೇನೆ. ಕೆಲವು ಸಲ ತಿರುಗಿಸುತ್ತೇನೆ. ಇದನ್ನು ಬರೆಯದೆ ನಿಮ್ಮ ಮನೆಗೆ ಬರಲಾರೆ. ಅಕ್ಕ ಇದನ್ನು ಓದಿ ಹೇಳಿದ ಮೇಲೂ ಬಾ ಎನ್ನುತ್ತೀರಾದರೆ ಬರುತ್ತೇನೆ.

ಒಂದು ಮಾತು. ಅಕ್ಕ ಡಾಕ್ಟರಿಗೆ ಹೇಳಿದ ಸುಳ್ಳು ನನ್ನಿಂದ ಆದದ್ದು. ಅದನ್ನು ಇಳಿಸುವವನು ನಾನೇ ಆಗಬೇಕು. ಆ ಹಾಳೆಯನ್ನು ಇನ್ನು ಮೇಲೆ ನಾನು ತುಂಬುತ್ತೇನೆ. ಅವ್ವನಿಗೆ ನಿನ್ನೆ ಹೇಳಿದೆ. ಸೌದೆಯಿಂದ ಹೊಡೆದಳು. ಆಮೇಲೆ ಬಟ್ಟೆ ಗಂಟು ಕಟ್ಟಿಕೊಟ್ಟು, "ಓಗು, ಅವ್ನ್ ಕಾಲ್ತಾವ ಬಿದ್ದಿರೋಗು" ಎಂದಳು.

ಹೌದೋ ಅಲ್ಲವೋ, ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸಿ. ಈ ಸಲ ಕಣ್ಣು ಮುಚ್ಚಬೇಡಿ.

ಶಾಂತರಾಜು

*

ಉಮ್ಮತ್ತೂರು
15 ಡಿಸೆಂಬರ್ 2024

ಬೃಂದಾ ಡಾಕ್ಟರವರಿಗೆ,

ನಾನು ಪುಟ್ಟಮಾದು ಅವರ ಬಾಮೈದ ಶಾಂತರಾಜು. ಸೆಪ್ಟೆಂಬರ್ ಕೊನೆಯಿಂದ ಅವರ ಮನೆಯಲ್ಲೇ ಇದ್ದೇನೆ. ನಿಮ್ಮ ಹಾಳೆಯಲ್ಲಿ ಒಂದೊಂದು ಪ್ರಶ್ನೆಗೆ ಒಂದೊಂದು ಗೆರೆ ಜಾಗವಿದೆ. ನನಗೆ ಅದು ಸಾಲದು, ಅದಕ್ಕೇ ಬೇರೆ ಬರೆಯುತ್ತಿದ್ದೇನೆ. ಹಿಂದಿನ ಎರಡು ತಿಂಗಳು ಹಾಳೆಯನ್ನು ಕಳಿಸಲಿಲ್ಲ. ಬರೆಯಲು ಕುಳಿತು ಹರಿದು ಹಾಕಿದೆ. ಅದೂ ನನ್ನ ತಪ್ಪು.

ಹಾಳೆಯಲ್ಲಿ ಇಲ್ಲದ ಪ್ರಶ್ನೆಗೆ ಮೊದಲು ಉತ್ತರ. ಜೂನ್ 18ರಂದು ನೀವು ನನ್ನ ಅಕ್ಕನನ್ನು, ಕುತ್ತಿಗೆಗೆ ಏನಾದರೂ ಆಗಿತ್ತೇ ಎಂದು ಕೇಳಿದ್ದಿರಿ. ಆಗಿತ್ತು. ಎರಡು ದಿನ ಮುಂಚೆ, ನೆಟಿಗೆ ತೆಗೆಯುವ ನೆಪದಲ್ಲಿ ನಾನು ಎರಡು ಸಲ ಒಂದೇ ಕಡೆಗೆ ತಿರುಚಿದೆ. ಎರಡನೆಯದನ್ನು ಮುರಿಯಲಿ ಎಂದೇ ತಿರುಚಿದೆ. ಆಕಸ್ಮಿಕ ಎಂದು ಬರೆದುಕೊಳ್ಳಬೇಡಿ. ಅಕ್ಕನಿಗೆ ಆಗ ಗೊತ್ತಿರಲಿಲ್ಲ. ಬಿದ್ದ ದಿನ ಕುಡಿದಿದ್ದಾರೆಂದು ನಾಲ್ಕು ಗಂಟೆ ಹೊತ್ತು ಮರದ ಕೆಳಗೆ ಹಾಕಿದ್ದೆವು. ಕುಡಿದಿಲ್ಲ ಎಂದು ನನಗೆ ಗೊತ್ತಿತ್ತು. ಪೊಲೀಸರಿಗೂ ಇದನ್ನೇ ಬರೆದುಕೊಟ್ಟಿದ್ದೇನೆ, ಅವರು ಕರೆದಾಗ ಹೋಗುತ್ತೇನೆ.

ನುಂಗುತ್ತಾರೆಯೇ? ಗಂಟಲ ತೂತು ಮುಚ್ಚಿದ ಮೇಲೆ ರಾಗಿ ಅಂಬಲಿ ನುಂಗುತ್ತಾರೆ. ನಾನು ಹಿಂದೆ ನಿಂತು ತಲೆ ಹಿಡಿಯುತ್ತೇನೆ, ಅಕ್ಕ ಚಮಚ ಹಿಡಿಯುತ್ತಾಳೆ.

ಮೊದಲ ದಿನ ಎಡಗೈಯನ್ನು ಗಲ್ಲಕ್ಕೆ, ಬಲಗೈಯನ್ನು ಹಿಂದಲೆಗೆ ಕೊಟ್ಟು ಹಿಡಿದೆ. ಕೈ ಇಡುವುದು ಅದೇ ಜಾಗಕ್ಕೆ. ಬೇರೆ ಜಾಗವಿಲ್ಲ. ಅವರು ಕಣ್ಣನ್ನು ಆದಷ್ಟು ಮೇಲೆತ್ತಿ ನನ್ನನ್ನೇ ನೋಡುತ್ತಿದ್ದರು. ರೆಪ್ಪೆ ಬಡಿಯಲಿಲ್ಲ. ಕಾವಲು ಕಾಯುವವನ ನೋಟ ಅದು. ಎರಡು ತಿಂಗಳು ಹಾಗೇ ನೋಡಿದರು. ನನ್ನ ಕೈಗೆ ಆ ಕಾವಲು ಬೇಕಾಗಿತ್ತು.

ತಲೆ ನಿಲ್ಲುತ್ತದೆಯೇ? ನೂರು ಎಣಿಸುವವರೆಗೆ ನಿಲ್ಲುತ್ತದೆ. ಎಣಿಸುವವನು ನಾನು. ಬೀಳುವ ಮುಂಚೆ ಕುತ್ತಿಗೆಯ ಬಲಗಡೆ ಒಂದು ನರ ಮಿಡಿಯುತ್ತದೆ, ಆಗ ಹಿಡಿದುಕೊಳ್ಳುತ್ತೇನೆ.

ಮಾತು? "ಲಾ" ಎನ್ನುತ್ತಾರೆ. ಅದು ನನಗೆ. ಅಕ್ಕನಿಗೆ ಇನ್ನೂ ಚಾರ್ಟಿನಲ್ಲೇ ಹೇಳುತ್ತಾರೆ. ಮೊನ್ನೆ ಒಂದು ಗಂಟೆ ಹಿಡಿದು ಅವಳಿಗೆ ಏನೋ ಹೇಳಿದರು. ಏನೆಂದು ಅವಳು ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಇನ್ನು ಕೈ. ನಿನ್ನೆ ಅವರಿಗೆ ಕ್ಷೌರ ಮಾಡುತ್ತಿದ್ದೆ. ಕ್ಷೌರದವನು ಈಗಲೂ ಬರುವುದಿಲ್ಲ. ಗಂಟಲ ಗಾಯದ ಹತ್ತಿರ ಬ್ಲೇಡು ಜಾರಿ ಸಣ್ಣಗೆ ಕುಯ್ದಿತು. ರಕ್ತ ಬಂತು. "ಲಾ!" ಎಂದರು. ಹಾಸಿಗೆಯ ಮೇಲೆ ಆರು ತಿಂಗಳಿನಿಂದ ಸತ್ತ ಹಾಗೆ ಬಿದ್ದಿದ್ದ ಬಲಗೈ ಎದ್ದಿತು. ಹೊಟ್ಟೆಯ ಮೇಲೆ ತೆವಳಿತು, ಎದೆಗೆ ಬಂತು, ಅಲ್ಲಿ ನಿಂತು ನಡುಗಿತು. ನಾನು ಬಗ್ಗಿ ರಕ್ತ ಒರೆಸುತ್ತಿದ್ದೆ. ಆ ಕೈ ಒಂದೇ ಸಲಕ್ಕೆ ಮೇಲೆ ಬಂದು ನನ್ನ ಮುಖಕ್ಕೆ ಹೊಡೆಯಿತು. ಹಿತ್ತಾಳೆ ಉಂಗುರ ಹಳೆಯ ಗಾಯದ ಮೇಲೇ ಬಿತ್ತು. ಏಟಿನಲ್ಲಿ ಬಲವೇ ಇರಲಿಲ್ಲ. ಅಕ್ಕ ಒಲೆಯ ಹತ್ತಿರದಿಂದ ಓಡಿ ಬಂದಳು. ನಾನು "ಇನ್ನೊಂದ್ ಒಡಿ ಬಾವ, ಒಡಿ" ಎಂದು ಮುಖ ಚಾಚಿಕೊಂಡು ಕುಳಿತೆ. ಅವರು ಪ್ರಯತ್ನಪಟ್ಟರು. ಎರಡನೆಯ ಸಲ ಆಗಲಿಲ್ಲ.

ಬಲಗೈಯನ್ನು ಎಲ್ಲಿಯವರೆಗೆ ಎತ್ತುತ್ತಾರೆ ಎಂದು ನಿಮ್ಮ ಹಾಳೆಯಲ್ಲಿ ಕೇಳಿದ್ದೀರಿ.

ನನ್ನ ಬಾಯಿಯವರೆಗೆ.

ಇಂತಿ
ಶಾಂತರಾಜು